ಕಾಣದ ಜೀವಕ್ಕೂ ಒಂದು ಎಚ್ಚರ

ವ್ಯಾಪಾರದ ಕೆಲಸಕ್ಕೆಂದು ಹಿಂದೂಪುರದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವ ನಮ್ಮ ಸಮಾಜದ ಬಂಧುಗಳಿಗೆ ಗೌರಿಬಿದನೂರು ಪರಿಚಿತ ನಿಲ್ದಾಣ. ಆ ಊರಿನ ಬಳಿ ಒಂದು ರೇಡಿಯೋ ವೀಕ್ಷಣಾಲಯವಿದೆ. ಸೂರ್ಯನಿಂದಲೂ ದೂರದ ಆಕಾಶದಿಂದಲೂ ಬರುವ ರೇಡಿಯೋ ಅಲೆಗಳನ್ನು ಅಲ್ಲಿ ಅಭ್ಯಾಸ ಮಾಡುತ್ತಾರೆ. ಈ ಮಾತು ಕೇಳಿದ ಮಕ್ಕಳು, "ಹಾಗಾದರೆ ಮೇಲೆ ಯಾರಾದರೂ ಇದ್ದಾರೆಯೇ?" ಎಂದು ಕೇಳದೆ ಬಿಡುವುದಿಲ್ಲ.

ಜೀವವನ್ನು ಹುಡುಕುವುದು ಆ ಕೇಂದ್ರದ ಕೆಲಸವಲ್ಲ. ಆದರೆ ಮಕ್ಕಳ ಪ್ರಶ್ನೆ ಸಣ್ಣದೂ ಅಲ್ಲ. ಭೂಮಿಯಾಚೆ ಜೀವವಿದೆಯೆಂಬುದಕ್ಕೆ ವಿಜ್ಞಾನಕ್ಕೆ ಈವರೆಗೆ ಖಚಿತ ಸಾಕ್ಷಿ ದೊರೆತಿಲ್ಲ. ನಮ್ಮ ಸೌರಮಂಡಲದಲ್ಲಿ ವಿಜ್ಞಾನಿಗಳು ಅರಸುತ್ತಿರುವುದು ಮನುಷ್ಯರಂಥವರನ್ನಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನು. 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ನಮ್ಮ ಮಂಗಳಯಾನದಲ್ಲಿ ಮೀಥೇನ್ ಅನಿಲವನ್ನು ಹುಡುಕುವ ಉಪಕರಣವಿತ್ತು. ಮೀಥೇನ್ ಜೀವಿಗಳಿಂದ ಹುಟ್ಟಬಹುದು. ಬರಿಯ ಕಲ್ಲು ನೀರಿನ ಕ್ರಿಯೆಯಿಂದಲೂ ಹುಟ್ಟಬಹುದು. ಆ ನೌಕೆಯ ಸಂಕೇತಗಳನ್ನು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿರುವ 32 ಮೀಟರ್ ಆಂಟೆನಾ ಹಿಡಿಯುತ್ತಿತ್ತು.

ಈ ಹುಡುಕಾಟದಲ್ಲಿ ನಮ್ಮ ಮನಸ್ಸಿಗೆ ಹತ್ತಿರವಾಗುವ ಘಟನೆಯೊಂದಿದೆ. ಶನಿಗ್ರಹವನ್ನು 13 ವರ್ಷ ಸುತ್ತಿದ ಕ್ಯಾಸಿನಿ ನೌಕೆಯು, ಶನಿಯ ಎನ್ಸೆಲಡಸ್ ಎಂಬ ಪುಟ್ಟ ಚಂದ್ರನಲ್ಲಿ ಹಿಮದ ಅಡಿಯಲ್ಲಿ ಸಾಗರವಿದೆಯೆಂದು ತಿಳಿಸಿತು. 2017ರಲ್ಲಿ ಅದರ ಇಂಧನ ಮುಗಿಯುತ್ತ ಬಂತು. ಹಾಗೆಯೇ ಬಿಟ್ಟರೆ ಎಂದಾದರೊಂದು ದಿನ ಆ ಚಂದ್ರನಿಗೇ ಬಡಿದು, ಭೂಮಿಯಿಂದ ಅಂಟಿಕೊಂಡು ಹೋದ ಸೂಕ್ಷ್ಮಜೀವಿಗಳು ಅಲ್ಲಿನ ನೀರನ್ನು ಸೇರುವ ಭಯವಿತ್ತು. ಅಲ್ಲಿ ಜೀವವಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೂ ಸೆಪ್ಟೆಂಬರ್ 15ರಂದು ವಿಜ್ಞಾನಿಗಳು ನೌಕೆಯನ್ನು ಶನಿಯ ವಾತಾವರಣಕ್ಕೆ ಇಳಿಸಿ ಉರಿದುಹೋಗಲು ಬಿಟ್ಟರು. ಮುಂದಿನ ಶೋಧನೆ ಕೆಡಬಾರದೆಂಬ ಲೆಕ್ಕವೂ ಅದರಲ್ಲಿತ್ತು, ನಿಜ. ಆದರೆ ಇದ್ದರೂ ಇರಬಹುದಾದ ಜೀವಕ್ಕಾಗಿ ವಹಿಸಿದ ಎಚ್ಚರ ಸಣ್ಣದಲ್ಲ.

ಕಲ್ಯಾಣದುರ್ಗದಂಥ ಬರದ ಸೀಮೆಯಲ್ಲೂ ನಮ್ಮ ಹಿರಿಯರು ಎರಡು ಮಡಿಕೆಯ ಬಟ್ಟೆಯಲ್ಲಿ ನೀರು ಸೋಸುತ್ತಿದ್ದರು. ಬಟ್ಟೆಯಲ್ಲಿ ಉಳಿದುದನ್ನು ಚೆಲ್ಲದೆ, ಅದೇ ಬಾವಿಯ ನೀರಿಗೆ ಮೆಲ್ಲನೆ ಮರಳಿ ಬಿಡುತ್ತಿದ್ದರು. ಆ ಜೀವಗಳನ್ನು ಅವರೂ ಕಣ್ಣಾರೆ ಕಂಡವರಲ್ಲ. ಇಂದು ಮನೆಮನೆಗೆ ಫಿಲ್ಟರ್ ಬಂದಿದೆ. ಸೋಸುವುದು ನಮ್ಮ ಆರೋಗ್ಯಕ್ಕೆ ಮಾತ್ರವೆಂದು ಮಕ್ಕಳು ತಿಳಿಯುತ್ತಿದ್ದಾರೆ. ಮುಂದೆ ಅವರು ಆಕಾಶ ತೋರಿಸಿ ಪ್ರಶ್ನೆ ಕೇಳಿದಾಗ ಕ್ಯಾಸಿನಿಯ ಕಥೆ ಹೇಳಿ. ಜೊತೆಗೆ ಅಜ್ಜಿಯ ಸೋಸುವ ಬಟ್ಟೆಯನ್ನೂ ತೋರಿಸಿ.