ಪಹಣಿಯ ಪುಟವೂ ಚರಾಕ್ಷರದ ದೋಷವೂ

ನಮ್ಮ ಜಿಲ್ಲೆಯ ರೈತನಿಗೆ ಪಹಣಿಯೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬೆಳೆಸಾಲಕ್ಕಾಗಲಿ, ಅಣ್ಣತಮ್ಮಂದಿರ ವಿಭಾಗಕ್ಕಾಗಲಿ, ನ್ಯಾಯಾಲಯದ ವ್ಯಾಜ್ಯಕ್ಕಾಗಲಿ ಮೊದಲು ಕೇಳುವ ಕಾಗದವೇ ಅದು. ಹಿಂದೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಈ ದಾಖಲೆಗಳನ್ನು ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಏರಿಸಿತು. 2002ರ ಹೊತ್ತಿಗೆ ಸುಮಾರು 67 ಲಕ್ಷ ಭೂಮಾಲಿಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಹೀಗೆ ಯಂತ್ರದ ಸ್ಮೃತಿಯನ್ನು ಸೇರಿದ್ದವು. ಇಂದು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ಒಂದೊಂದಾಗಿ ಆರಿಸುತ್ತ ಹೋದರೆ ಪಹಣಿಯ ವಿವರವು ತೆರೆಯ ಮೇಲೆ ಮೂಡುತ್ತದೆ.

ಹೀಗೆ ಮೂಡುವ ಪುಟವನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಕೇಳಿದ ಕ್ಷಣದಲ್ಲಿ ಅದು ರಚಿತವಾಗುತ್ತದೆ. ದತ್ತಸಂಚಯವೆಂದರೆ ಅಡ್ಡಸಾಲು ಕಂಬಸಾಲುಗಳ ಕೋಷ್ಟಕಗಳ ಸಮೂಹ. ಈ ಕೋಷ್ಟಕ ಪದ್ಧತಿಯ ಗಣಿತವನ್ನು 1970ರಲ್ಲಿ ಎಡ್ಗರ್ ಕಾಡ್ ಎಂಬ ವಿದ್ವಾಂಸನು ಪ್ರತಿಪಾದಿಸಿದನು. ಅದರಿಂದ ಉತ್ತರ ಪಡೆಯುವ ಎಸ್‌ಕ್ಯುಎಲ್ ಎಂಬ ಪ್ರಶ್ನಾಭಾಷೆಯ ಮೊದಲ ರೂಪವನ್ನು 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಪ್ರಕಟಿಸಿದರು. ‘ತಾಲ್ಲೂಕು ಇಂಥದು, ಗ್ರಾಮ ಇಂಥದು, ಸರ್ವೆ ನಂಬರು ಇಂಥದು ಆಗಿರುವ ಸಾಲನ್ನು ಕೊಡು’ ಎಂಬುದೇ ಆ ಪ್ರಶ್ನೆಯ ಸ್ವರೂಪ. ‘ಇಂಥದು’ ಎಂಬ ಸ್ಥಾನದಲ್ಲಿ ನಿಲ್ಲುವುದೇ ಚರಾಕ್ಷರ. ಬೀಜಗಣಿತದ ಚರಾಕ್ಷರಕ್ಕೆ ಬೆಲೆಯನ್ನು ನಾವು ಕೊಡುತ್ತೇವೆ. ಇಲ್ಲಿ ಬೆಲೆಯನ್ನು ಕೊಡುವವನು ಎಲ್ಲಿಯೋ ಕುಳಿತ, ನಮಗೆ ಪರಿಚಯವಿಲ್ಲದ ಬಳಕೆದಾರ. ತೊಡಕಿನ ಮೂಲ ಇದೇ ಆಗಿದೆ.

ತೆರೆಯ ಮೇಲೆ ‘ದಾಖಲೆ ಲಭ್ಯವಿಲ್ಲ’ ಎಂದು ಬಂದಿತೆನ್ನಿ. ರೈತನು ಇದನ್ನು ‘ನಿನ್ನ ಹೆಸರಿನಲ್ಲಿ ಜಮೀನಿಲ್ಲ’ ಎಂದು ಓದಿಕೊಳ್ಳುತ್ತಾನೆ; ಅವನ ಎದೆ ಧಸಕ್ಕೆನ್ನುತ್ತದೆ. ಯಂತ್ರವು ಹೇಳಿದ್ದಾದರೋ, ತನಗೆ ಬಂದ ಪ್ರಶ್ನೆಗೆ ಹೊಂದುವ ಸಾಲು ಸಿಗಲಿಲ್ಲ ಎಂಬುದಷ್ಟೆ. ಪ್ರಶ್ನೆಯೇ ಕೆಟ್ಟು ಹೋಗಿತ್ತೋ ಏನೋ ಅದಕ್ಕೆ ತಿಳಿಯದು.

ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ಅಭ್ಯಾಸಕ್ಕಾಗಿ ವಿದ್ಯಾರ್ಥಿಯೊಬ್ಬನು ಇಂಥದೇ ಚಿಕ್ಕ ಪುಟವೊಂದನ್ನು ರಚಿಸುತ್ತಾನೆ. ಸರ್ವೆ ನಂಬರನ್ನು ಒಂದೇ ಚೌಕದಲ್ಲಿ 45/2 ಎಂದು ಬರೆಯಲು ಅವಕಾಶ ಕೊಟ್ಟು, ಬಂದುದನ್ನು ಉದ್ಧರಣ ಚಿಹ್ನೆಯಿಲ್ಲದೆ ಪ್ರಶ್ನೆಯೊಳಗೆ ಅಂಟಿಸುತ್ತಾನೆ. ನಮ್ಮ ಕಣ್ಣಿಗೆ ಅದು ನಲವತ್ತೈದನೆಯ ನಂಬರಿನ ಎರಡನೆಯ ಹಿಸ್ಸಾ. ದತ್ತಸಂಚಯಕ್ಕೆ ಅದು ಭಾಗಾಕಾರದ ಲೆಕ್ಕ! ಕೆಲವು ವ್ಯವಸ್ಥೆಗಳು ಶೇಷವನ್ನು ಬಿಟ್ಟು 22 ಎಂದು ಗಣಿಸುತ್ತವೆ. ಮತ್ತೆ ಕೆಲವು 22.5 ಎನ್ನುತ್ತವೆ. ಎರಡನೆಯದರಲ್ಲಿ ಉತ್ತರವೇ ಬಾರದು. ಮೊದಲನೆಯದರಲ್ಲಿ 22ನೆಯ ನಂಬರಿನ ದಾಖಲೆ, ಎಂದರೆ ಬೇರೊಬ್ಬರ ಹೊಲದ ದಾಖಲೆ, ಯಾವ ಎಚ್ಚರಿಕೆಯೂ ಇಲ್ಲದೆ ಶುಭ್ರವಾಗಿ ಬಂದು ನಿಲ್ಲುತ್ತದೆ. ಬಾರದ ಉತ್ತರಕ್ಕಿಂತ ಈ ತಪ್ಪು ಉತ್ತರವೇ ಹೆಚ್ಚು ಅಪಾಯಕರವೆಂದು ನನ್ನ ಅಭಿಪ್ರಾಯ. ‘ಭೂಮಿ’ಯ ಪುಟದಲ್ಲಿ ಸರ್ವೆ ನಂಬರಿಗೂ ಹಿಸ್ಸಾಕ್ಕೂ ಬೇರೆ ಬೇರೆ ಅಂಕಣಗಳಿರುವುದು ವಿವೇಕದ ಏರ್ಪಾಡು.

ಹಳಸಿದ ಬೆಲೆಯ ದೋಷವೂ ಇದೇ ಜಾತಿಯದು. ಬಳಕೆದಾರನು ಮೊದಲು ಶಿಡ್ಲಘಟ್ಟವನ್ನು ಆರಿಸಿ, ಗ್ರಾಮವನ್ನೂ ಆರಿಸಿ, ಬಳಿಕ ಮನಸ್ಸು ಬದಲಿಸಿ ತಾಲ್ಲೂಕನ್ನು ಚಿಂತಾಮಣಿಗೆ ತಿರುಗಿಸುತ್ತಾನೆ. ಗ್ರಾಮದ ಚರಾಕ್ಷರದಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದು, ಪ್ರತಿ ತಾಲ್ಲೂಕಿನಲ್ಲಿಯೂ ಗ್ರಾಮಸಂಖ್ಯೆ ಒಂದರಿಂದಲೇ ಆರಂಭವಾಗುವ ಕೋಷ್ಟಕವಾದರೆ, ಕೇಳದ ಊರಿನ ಜಮೀನು ಎದುರಿಗೆ ಬರುತ್ತದೆ. ಇನ್ನು ಹಿಸ್ಸಾ ಇಲ್ಲದ ಜಮೀನಿನ ಮಾತು. ಸೊನ್ನೆ, ಖಾಲಿ ಅಕ್ಷರ, ‘ನಲ್’ ಎಂಬ ಬೆಲೆಯಿಲ್ಲದ ಸ್ಥಿತಿ, ಈ ಮೂರೂ ಬೇರೆ ಬೇರೆ. ‘ನಲ್’ ಅನ್ನು ಸಮಚಿಹ್ನೆಯಿಂದ ಹೋಲಿಸಿದರೆ ‘ನಲ್’ಗೂ ಅದು ಸಮವಾಗದು.

ದೋಷವನ್ನು ಹುಡುಕುವ ಬಗೆ ಹೇಗೆ? ಕಾರ್ಯಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ದಿಟ್ಟಿಸಿ ನೋಡುವುದರಿಂದ ಪ್ರಯೋಜನ ಕಡಿಮೆ. ನಾವು ಬರೆದುದನ್ನು ಓದದೆ ಬರೆಯಬೇಕೆಂದಿದ್ದುದನ್ನೇ ಓದುತ್ತೇವೆ. ಬೆಲೆಗಳೆಲ್ಲ ಸೇರಿದ ಮೇಲೆ ದತ್ತಸಂಚಯಕ್ಕೆ ಹೊರಟ ಪೂರ್ಣ ಪ್ರಶ್ನೆಯನ್ನೇ ಒಂದು ದಿನಚರಿ ಕಡತದಲ್ಲಿ ಬರೆಯಿಸಿ ನೋಡಬೇಕು. ಪ್ರತಿಯೊಂದು ಬೆಲೆಯನ್ನೂ ಆವರಣ ಚಿಹ್ನೆಯೊಳಗೆ ಇರಿಸಿ, ಅದರ ಉದ್ದವನ್ನೂ ಜಾತಿಯನ್ನೂ, ಅಂದರೆ ಸಂಖ್ಯೆಯೋ ಅಕ್ಷರಮಾಲೆಯೋ ಎಂಬುದನ್ನೂ ಮುದ್ರಿಸಬೇಕು. ಆಗ 45ರ ಹಿಂದೆ ಅಡಗಿದ ಖಾಲಿ ಜಾಗವು ಹೊರಬೀಳುತ್ತದೆ. ಅನಂತರ ಅದೇ ಪ್ರಶ್ನೆಯನ್ನು ಪುಟದ ಹಂಗಿಲ್ಲದೆ ದತ್ತಸಂಚಯಕ್ಕೆ ನೇರವಾಗಿ ಕೇಳಬೇಕು. ಉತ್ತರ ಬಾರದಿದ್ದರೆ ನಿಬಂಧನೆಗಳನ್ನು ಒಂದೊಂದಾಗಿ ಕಳಚುತ್ತ ಹೋಗಬೇಕು. ಯಾವುದನ್ನು ತೆಗೆದಾಗ ಸಾಲುಗಳು ಕಾಣಿಸಿಕೊಂಡವೋ ಅಲ್ಲಿಯೇ ಮೊದಲು ಪರೀಕ್ಷಿಸಬೇಕು. ಈ ದಿನಚರಿಯನ್ನು ಸಾರ್ವಜನಿಕರ ತೆರೆಗೆ ಬಿಡಬಾರದು. ಕೋಷ್ಟಕಗಳ ಹೆಸರುಗಳು ಕಿಡಿಗೇಡಿಗಳಿಗೆ ದಾರಿದೀಪವಾಗುತ್ತವೆ.

ಅಂಟಿಸುವ ಅಭ್ಯಾಸವನ್ನೇ ಬಿಡುವುದು ನಿಜವಾದ ಚಿಕಿತ್ಸೆ. ಪ್ರಶ್ನೆಯ ವಾಕ್ಯವನ್ನು ಖಾಲಿ ಸ್ಥಾನಗಳೊಡನೆ ಮೊದಲು ಕಳುಹಿಸಿ, ಬೆಲೆಗಳನ್ನು ಪ್ಯಾರಾಮೀಟರುಗಳಾಗಿ ಬೇರೆಯಾಗಿ ಒಪ್ಪಿಸುವ ಕ್ರಮವುಂಟು. ಆಗ 45/2 ಎಂಬುದು ಬರಿಯ ಬೆಲೆಯಾಗಿಯೇ ಉಳಿಯುತ್ತದೆ, ಲೆಕ್ಕವಾಗುವುದಿಲ್ಲ. ಚೌಕದಲ್ಲಿ ಸರ್ವೆ ನಂಬರಿಗೆ ಬದಲಾಗಿ ‘ಎಲ್ಲ ಸಾಲುಗಳನ್ನೂ ಅಳಿಸು’ ಎಂಬರ್ಥದ ಆಜ್ಞೆಯನ್ನು ಬರೆದವನ ಕುಚೋದ್ಯವೂ ಆಜ್ಞೆಯಾಗದೆ ಉಳಿಯುತ್ತದೆ.

ಆದರೆ ಕನ್ನಡದ ಪ್ರಶ್ನೆ ಇದರಿಂದಲೂ ಬಗೆಹರಿಯದು. ಗೌರಿಬಿದನೂರು ತಾಲ್ಲೂಕಿನ ಹೊಸೂರು ವಿಚಾರವಾದಿ ಎಚ್. ನರಸಿಂಹಯ್ಯನವರ ಹುಟ್ಟೂರು. ಈ ಹೆಸರಿನ ‘ಹೊ’ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ದೀರ್ಘ ಉಕಾರದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯುನಿಕೋಡಿನ ನಿಯಮದಂತೆಯೂ ಸಮಾನ. ಆದರೆ ಎಲ್ಲ ದತ್ತಸಂಚಯಗಳೂ ತಾವಾಗಿ ಹಾಗೆ ಎಣಿಸವು. ಉದ್ದವನ್ನು ಮುದ್ರಿಸಿ ನೋಡಿದಾಗ ಮಾತ್ರ ಒಂದು ಹೊಸೂರು ಇನ್ನೊಂದಕ್ಕಿಂತ ಉದ್ದವೆಂದು ತಿಳಿಯುತ್ತದೆ. ಇದಕ್ಕಾಗಿ ಹೆಸರುಗಳನ್ನು ಸೇರಿಸುವಾಗಲೂ ಹುಡುಕುವಾಗಲೂ ಒಂದೇ ರೂಪಕ್ಕೆ ತರಬೇಕು; ಸಾಧ್ಯವಾದೆಡೆ ಹೆಸರಿಗೆ ಬದಲು ಸಂಖ್ಯೆಯಿಂದ ಹುಡುಕಬೇಕು.

ಸಂಖ್ಯೆಯೂ ಕೆಲವೊಮ್ಮೆ ಕೈಕೊಡುವುದುಂಟು. 2007ರಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ಆರು ತಾಲ್ಲೂಕುಗಳು ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆಯಾದವು. ಅದಕ್ಕೆ ಹಿಂದೆ ರಚಿಸಿದ ಯಾವುದಾದರೂ ಕಾರ್ಯಕ್ರಮದಲ್ಲಿ ಕೋಲಾರದ ಸಂಖ್ಯೆಯನ್ನು ಸ್ಥಿರಾಂಕವಾಗಿ ಬರೆದಿದ್ದರೆ, ಹೊಸ ದತ್ತಾಂಶದ ಮುಂದೆ ಅದು ಈ ಆರೂ ತಾಲ್ಲೂಕುಗಳಿಗೆ ‘ಲಭ್ಯವಿಲ್ಲ’ ಎಂದೇ ಹೇಳೀತು. ಅಂಥ ಸಂಖ್ಯೆಯನ್ನು ಕಾರ್ಯಕ್ರಮದಿಂದ ಕಿತ್ತು, ಯಾವ ದಿನಾಂಕದಿಂದ ಯಾವ ತಾಲ್ಲೂಕು ಯಾವ ಜಿಲ್ಲೆಗೆ ಸೇರಿದ್ದೆಂಬುದನ್ನು ತಿಳಿಸುವ ಪ್ರತ್ಯೇಕ ಕೋಷ್ಟಕದಲ್ಲಿ ಇರಿಸಬೇಕು. 2005ರ ದಾಖಲೆಯನ್ನು ಕೇಳಿದವನಿಗೆ ಕೋಲಾರದ ಹೆಸರೇ ಬರಬೇಕಲ್ಲವೆ?