ಯರಿ ಹೊಲದ ಕೆಳಗಿನ ಬೆಂಕಿಕಲ್ಲು

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ರೈತರಿಗೆ ಕರಿಕಲ್ಲು ಹೊಸದಲ್ಲ. ಬಾವಿ ತೋಡಿದರೆ ಅದೇ, ಮನೆಗೆ ಬುನಾದಿ ಹಾಕಿದರೆ ಅದೇ, ರಸ್ತೆಗೆ ಖಡಿ ಒಡೆದರೂ ಅದೇ. ನಳದುರ್ಗದ ಕೋಟೆ, ವಿಜಯಪುರದ ಗೋಳಗುಮ್ಮಟ ಎದ್ದು ನಿಂತದ್ದೂ ಇದೇ ಕಲ್ಲಿನಿಂದ. ಗಡಿರೇಖೆ ಎಳೆದದ್ದು 1956ರಲ್ಲಿ. ಈ ಕಲ್ಲು ಮಾತ್ರ ರೇಖೆಯ ಎರಡೂ ಕಡೆ ಒಂದೇ ಹಾಸಿಗೆಯಂತೆ ಹರಡಿದೆ.

ವಿಜ್ಞಾನಿಗಳು ಇದಕ್ಕೆ ಬಸಾಲ್ಟ್ ಎನ್ನುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸ ಪದರ ಪದರವಾಗಿ ಹರಿದು ಗಟ್ಟಿಯಾದದ್ದು ಇದು. ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ನೆಲವನ್ನು ಮುಚ್ಚಿಕೊಂಡಿದೆ. ಇದರ ಹೆಸರು 'ಡೆಕ್ಕನ್ ಟ್ರ್ಯಾಪ್'. ಇಲ್ಲಿ ಟ್ರ್ಯಾಪ್ ಅಂದರೆ ಬೋನಲ್ಲ. ಸ್ವೀಡನ್ ದೇಶದ ಭಾಷೆಯಲ್ಲಿ ಮೆಟ್ಟಿಲು. ಸಹ್ಯಾದ್ರಿಯ ಘಟ್ಟ ಇಳಿಯುವಾಗ ಬಸ್ಸಿನ ಕಿಟಕಿಯಿಂದ ನೋಡಿದರೆ ಆ ಮೆಟ್ಟಿಲು ಕಣ್ಣಿಗೆ ಕಾಣುತ್ತವೆ.

ಈ ರಸ ಬಂದದ್ದೆಲ್ಲಿಂದ? ಭೂಮಿಯ ಹೊರಚಿಪ್ಪಿನ ಕೆಳಗೆ ಸುಮಾರು 2,900 ಕಿ.ಮೀ. ಆಳದವರೆಗೆ ಮ್ಯಾಂಟಲ್ ಎಂಬ ಪದರವಿದೆ. ಅದು ಕುದಿಯುವ ರಸ ಅಂತ ಬಹಳ ಮಂದಿ ತಿಳಿದಾರ. ಹಾಗಲ್ಲ, ಅದು ಗಟ್ಟಿಕಲ್ಲೇ. ಕಾವು ವಿಪರೀತವಿದ್ದರೂ ಮೇಲಿನ ಭಾರದಿಂದಾಗಿ ಕರಗುವುದಿಲ್ಲ. ಆ ಬಿಸಿಕಲ್ಲು ನಿಧಾನವಾಗಿ ಮೇಲೇರಿದಾಗ ಭಾರ ಇಳಿದು, ಅದರ ಒಂದಿಷ್ಟು ಪಾಲು ಕರಗುತ್ತದೆ. ಶೇಂಗಾ ಗಾಣಕ್ಕೆ ಹಾಕಿದಾಗ ಎಣ್ಣೆ ಬೇರೆ, ಹಿಂಡಿ ಬೇರೆ ಆಗುವುದಿಲ್ಲವೇ? ಹಾಗೆಯೇ ಮೆಗ್ನೀಷಿಯಂ ಬಹುಪಾಲು ಕೆಳಗೆ ಉಳಿದು, ಸಿಲಿಕಾ, ಸುಣ್ಣದ ಅಂಶ ಹೆಚ್ಚಾದ ರಸ ಮೇಲೆ ಬರುತ್ತದೆ. ಆಗ ಉತ್ತರಕ್ಕೆ ಸರಿಯುತ್ತಿದ್ದ ಭಾರತದ ಅಡಿಯಲ್ಲಿ ಇಂಥ ಒಂದು ಬಿಸಿ ಕಂಬ ಇತ್ತೆಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಅದೇ ಕಂಬ ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ. ಅಲ್ಲಿ ಈಗಲೂ ಜ್ವಾಲಾಮುಖಿ ಉಕ್ಕುತ್ತದೆ.

ಅಕ್ಕಸಾಲಿಗ ಒರೆಗಲ್ಲಿಗೆ ಹಚ್ಚಿ ಬಂಗಾರ ನೋಡುವಂತೆ ಕಲ್ಲಿಗೂ ಪರೀಕ್ಷೆ ಉಂಟು. ಸ್ಟ್ರಾನ್ಷಿಯಂ ಧಾತುವಿನ 87 ಮತ್ತು 86 ಎಂಬ ಎರಡು ರೂಪಗಳ ಪ್ರಮಾಣ ಅಳೆಯುತ್ತಾರೆ. ಹಳೆಯ ಭೂಚಿಪ್ಪಿನಲ್ಲಿ ಈ ಪ್ರಮಾಣ ಹೆಚ್ಚು, ಮ್ಯಾಂಟಲಿನಲ್ಲಿ ಕಡಿಮೆ. ಮಹಾಬಳೇಶ್ವರ ಬಳಿಯ ಅಂಬೇನಳಿ ಪದರಗಳಲ್ಲಿ ಅದು 0.704ರ ಆಸುಪಾಸು, ಅಂದರೆ ಕಲಬೆರಕೆ ಕಡಿಮೆ. ಬುಶೆ ಎಂಬ ಪದರಗಳಲ್ಲಿ 0.713ಕ್ಕಿಂತ ಮೇಲೆ, ಏರುವ ದಾರಿಯಲ್ಲಿ ರಸ ಹಳೆಯ ಚಿಪ್ಪಿನ ಕಲ್ಲನ್ನು ನುಂಗಿ ಬಂದಿದೆ. 1980ರ ದಶಕದಲ್ಲಿ ಇಂಥ ರಾಸಾಯನಿಕ ಗುರುತುಗಳಿಂದಲೇ ಸಹ್ಯಾದ್ರಿಯ ಪದರಗಳನ್ನು ಒಂದರ ಮೇಲೊಂದು ಗುರುತಿಸಿದರು.

ಜತ್ತ ಕಡೆ ಹೋದಾಗಲೆಲ್ಲ ನಾನು ಇದನ್ನು ಹೇಳುತ್ತೇನೆ. ರೈತರು ಕೇಳುವ ಪ್ರಶ್ನೆ ಮಾತ್ರ ಒಂದೇ: "ಅದೆಲ್ಲಾ ಖರೆ ಐತ್ರಿ, ನೀರು ಎಲ್ಲೈತಿ ಹೇಳ್ರಿ."

ನ್ಯಾಯವಾದ ಪ್ರಶ್ನೆ. ಒಂದೊಂದು ಲಾವಾ ಪದರದ ಮೇಲ್ಭಾಗ ಗಾಳಿಗುಳ್ಳೆಗಳಿಂದ ತೂತು ತೂತಾಗಿರುತ್ತದೆ, ನಡುಭಾಗ ಬಿಗಿ. ಎಷ್ಟೋ ಕಡೆ ಎರಡು ಪದರಗಳ ನಡುವೆ ಕೆಂಪು ಮಣ್ಣಿನ ಪಟ್ಟಿ ಸಿಗುತ್ತದೆ. ಅದು ನೀರನ್ನು ಸುಲಭಕ್ಕೆ ಬಿಡದು. ನೀರು ನಿಲ್ಲುವುದು ಮೇಲಿನ ಗರಸು, ತೂತುಕಲ್ಲು, ಬಿರುಕುಗಳಲ್ಲಿ ಮಾತ್ರ. ಬಿಗಿಕಲ್ಲಿನಲ್ಲಿ ಬಿರುಕಿಲ್ಲದಿದ್ದರೆ ಎಷ್ಟು ಫೂಟು ಕೊರೆದರೂ ಬರುವುದು ಬೂದಿಬಣ್ಣದ ಧೂಳು. 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಕಿಲ್ಲಾರಿಯಲ್ಲಿ ಕೊರೆದು ನೋಡಿದಾಗ ಸುಮಾರು 340 ಮೀಟರಿಗೆ ಬಸಾಲ್ಟೇ ಮುಗಿದು, ಕೆಳಗೆ ಪುರಾತನ ನೈಸ್ ಕಲ್ಲು ಸಿಕ್ಕಿತು. ಆಳಕ್ಕೆ ಹೋದಷ್ಟೂ ನೀರು ಎಂಬ ನಂಬಿಕೆಗೆ ಈ ಕಲ್ಲು ಆಧಾರ ಕೊಡುವುದಿಲ್ಲ. ಸಾಲ ಮಾಡಿ ಮೂರನೇ ಬೋರು ಹಾಕುವ ಮುಂಚೆ ಇದನ್ನು ವಿಚಾರ ಮಾಡಬೇಕು.

ಇದೇ ಕಲ್ಲು ಸವೆದು ಯರಿ ಮಣ್ಣಾಗಿದೆ. ತೊಯ್ದರೆ ಉಬ್ಬುವ, ಒಣಗಿದರೆ ಬಿರಿಯುವ ಜೇಡಿ ಅದು. ಹಸಿ ಹಿಡಿದಿಟ್ಟು ಹಿಂಗಾರಿ ಜೋಳ ಬೆಳೆಸುತ್ತದೆ. ಸುಣ್ಣ, ಮೆಗ್ನೀಷಿಯಂ ಧಾರಾಳ. ಸಾರಜನಕ ಮಾತ್ರ ಕಲ್ಲಿನಿಂದ ಬರದು, ಅದನ್ನು ತಿಪ್ಪೆಗೊಬ್ಬರ, ತೊಗರಿ, ಕಡಲೆಯಿಂದಲೇ ಪಡೆಯಬೇಕು. ಮಳೆನೀರೂ ಅಷ್ಟೇ. ಹೊಲಕ್ಕೆ ಒಡ್ಡು ಹಾಕಿ, ಹಳ್ಳಕ್ಕೆ ತಡೆ ಕಟ್ಟಿ ಗರಸಿನ ಪದರಕ್ಕೆ ಇಂಗಿಸಿದರೆ ತೆರೆದ ಬಾವಿಗೆ ಅದೇ ಆಧಾರ.