ಚದುರಿದ ಬೆಳಕು ಹೇಳುವ ಗುಟ್ಟು

ಗಾಜಿನ ಲೋಟದ ನೀರಿಗೆ ನಾಲ್ಕೈದು ತೊಟ್ಟು ಹಾಲು ಬೆರೆಸಿ, ಕತ್ತಲೆ ಕೋಣೆಯಲ್ಲಿ ಅದರ ಮೂಲಕ ಟಾರ್ಚಿನ ಬೆಳಕು ಹಾಯಿಸಿ. ಪಕ್ಕದಿಂದ ನೋಡಿದರೆ ನೀರು ನಸುನೀಲಿ. ಎದುರಿನಿಂದ ನೋಡಿದರೆ ಬಲ್ಬು ಕೆಂಪು ಬೆರೆತ ಹಳದಿ. ಹಾಲಿನ ಅತಿ ಸಣ್ಣ ಕಣಗಳು ಕೆಂಪಿಗಿಂತ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದೇ ಇದಕ್ಕೆ ಕಾರಣ. ಮೋಡದ ಹನಿಗಳಾದರೋ ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುವುದರಿಂದ ಮೋಡ ಬೆಳ್ಳಗೆ ಕಾಣುತ್ತದೆ. ಅಂದರೆ, ಚದುರಿದ ಬೆಳಕನ್ನು ಪರೀಕ್ಷಿಸಿ ಕಣದ ಗಾತ್ರವನ್ನು ಊಹಿಸಬಹುದು.

ಇದರಿಂದ ವೈದ್ಯರಿಗೇನು ಪ್ರಯೋಜನ ಎನ್ನುವಿರಾ? ಜಠರದ ಆಮ್ಲ ವರ್ಷಗಟ್ಟಲೆ ಮೇಲಕ್ಕೆ ಉಕ್ಕುತ್ತಿದ್ದರೆ ಕೆಲವರ ಅನ್ನನಾಳದ ಒಳಪದರವೇ ಬದಲಾಗುತ್ತದೆ. 'ಬ್ಯಾರೆಟ್ ಅನ್ನನಾಳ' ಎಂಬ ಈ ಸ್ಥಿತಿಯಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಬರುವುದುಂಟು. ಅದಕ್ಕೂ ಮುಂಚೆಯೇ ಅಲ್ಲಿನ ಕೋಶಕೇಂದ್ರಗಳು ಹಿಗ್ಗಿ ಒತ್ತೊತ್ತಾಗುತ್ತವೆ: 5ರಿಂದ 10 ಮೈಕ್ರಾನ್ ಇದ್ದದ್ದು 20 ಮೈಕ್ರಾನ್‌ವರೆಗೂ ಬೆಳೆಯಬಹುದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು! ಎಂಡೋಸ್ಕೋಪಿನಲ್ಲಿ ಇಣುಕುವ ಕಣ್ಣಿಗೆ ಇದು ಕಾಣದು. ಆದ್ದರಿಂದ ಅಲ್ಲಲ್ಲಿ ಚೂರು ಚಿವುಟಿ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ವಾಡಿಕೆ. ಚಿವುಟಿದ ಜಾಗದ ಪಕ್ಕದಲ್ಲೇ ರೋಗ ಅಡಗಿದ್ದರೆ? ತಪ್ಪಿಹೋಯಿತು.

ಅಮೆರಿಕದ ಎಂ.ಐ.ಟಿ.ಯಲ್ಲಿ ಲೆವ್ ಪೆರೆಲ್ಮನ್, ಮೈಕೆಲ್ ಫೆಲ್ಡ್ ಮತ್ತು ಸಂಗಡಿಗರು 1998ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಒಳಪದರದ ಮೇಲೆ ಬಿಳಿಯ ಬೆಳಕು ಬಿಟ್ಟು, ಹಿಂದಿರುಗಿದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವುದು. ಕೋಶಕೇಂದ್ರಗಳಿಂದ ಬಂದ ಬೆಳಕು ತರಂಗಾಂತರ ಬದಲಾದಂತೆ ಅಲೆಯಲೆಯಾಗಿ ಏರಿಳಿಯುತ್ತದೆ. ಕೋಶಕೇಂದ್ರ ದೊಡ್ಡದಾದಷ್ಟೂ ಆ ಏರಿಳಿತಗಳು ಹತ್ತಿರ ಹತ್ತಿರವಾಗುತ್ತವೆ. ಕೊಯ್ಯುವುದೂ ಬೇಡ, ಬಣ್ಣವೂ ಬೇಡ!

ತೊಡಕೊಂದಿತ್ತು. ಹಿಂದಿರುಗುವ ಬೆಳಕಿನ ಬಹುಪಾಲು ಆಳದ ಪದರಗಳಲ್ಲಿ ಹಲವು ಬಾರಿ ಚದುರಿ ಬಂದದ್ದು. ನಮಗೆ ಬೇಕಾದದ್ದು ತೀರ ಅಲ್ಪ. ಇಲ್ಲಿ ಧ್ರುವೀಕೃತ ಬೆಳಕು, ಎಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು, ನೆರವಿಗೆ ಬಂತು. ಮೇಲ್ಪದರದಿಂದ ಒಂದೇ ಸಲ ಚದುರಿ ಬಂದದ್ದು ಕಂಪನದ ದಿಕ್ಕನ್ನು ಉಳಿಸಿಕೊಂಡಿರುತ್ತದೆ. ಆಳಕ್ಕೆ ಹೋಗಿ ಬಂದದ್ದರಲ್ಲಿ ಎರಡು ದಿಕ್ಕುಗಳೂ ಸಮನಾಗಿ ಬೆರೆತಿರುತ್ತವೆ. ಮೂಲ ದಿಕ್ಕಿನ ಬೆಳಕಿನಿಂದ ಅದಕ್ಕೆ ಲಂಬವಾದ ದಿಕ್ಕಿನದನ್ನು ಕಳೆಯಿರಿ. ಮೇಲ್ಪದರದ್ದು ಮಾತ್ರ ಉಳಿಯುತ್ತದೆ. ಶಾಲೆಯ ವ್ಯವಕಲನವೇ! 2001ರಲ್ಲಿ ಫೆಲ್ಡ್ ಬಳಗ ಈ ರೀತಿಯಲ್ಲಿ ಕೋಶಕೇಂದ್ರಗಳ ಗಾತ್ರದ ನಕ್ಷೆಯನ್ನೇ ತಯಾರಿಸಿ ತೋರಿಸಿತು.

2010ರಲ್ಲಿ ಪೆರೆಲ್ಮನ್ ಅವರ ಬಾಸ್ಟನ್ ತಂಡ, ಮಾಮೂಲಿ ಎಂಡೋಸ್ಕೋಪಿಯ ಸಮಯದಲ್ಲೇ ಅನ್ನನಾಳವನ್ನು ಬೆಳಕಿನಿಂದ ಸುತ್ತಲೂ ಪರಿಶೀಲಿಸಿ ಎಲ್ಲಿ ಚಿವುಟಬೇಕೆಂದು ತೋರಿಸುವ ಸಾಧನವನ್ನು ವರದಿಮಾಡಿತು. ಕೊನೆಯ ತೀರ್ಮಾನ ಮಾತ್ರ ಇಂದಿಗೂ ಸೂಕ್ಷ್ಮದರ್ಶಕದ್ದೇ.